ಎರಡು ಸುತ್ತು ಹೋಗಿ ನಿಲ್ಲುವ ಬೋಲ್ಟ್: ಹಳೆಯ ಗಾಡಿಯ ಥ್ರೆಡ್ ಗುರುತಿಸುವ ಸಮಗ್ರ ಮಾರ್ಗದರ್ಶಿ

"ಬೋಲ್ಟ್ ಎರಡು ಸುತ್ತು ಕೈಯಲ್ಲೇ ಹೋಯ್ತು. ಆಮೇಲೆ ಬಿಗಿಯಾಯ್ತು. ತುಕ್ಕು ಇರಬೇಕು ಅಂತ ಸ್ಪ್ಯಾನರ್ ಹಾಕಿದೆ. ಥ್ರೆಡ್ ಹೋಯ್ತು." ಹಳೆಯ ಗಾಡಿ ಬಿಚ್ಚಿ ಜೋಡಿಸುವವರ ಬಾಯಲ್ಲಿ ಬರುವ ಕತೆ ಹೆಚ್ಚುಕಮ್ಮಿ ಇದೊಂದೇ. ನಾನೂ ಇದನ್ನೇ ಮಾಡಿದ್ದೇನೆ. ಅಲ್ಯೂಮಿನಿಯಂ ಎಂಜಿನ್ ಕೇಸಿನ ತೂತು 5/16 ಇಂಚಿನ ವಿಟ್ವರ್ತ್ (ಹಳೆಯ ಬ್ರಿಟಿಷ್ ಇಂಚಿನ ಪದ್ಧತಿ) ಥ್ರೆಡ್‌ನದ್ದು. ನನ್ನ ಕೈಯಲ್ಲಿದ್ದದ್ದು 8 ಮಿ.ಮೀ. ಮೆಟ್ರಿಕ್ ಬೋಲ್ಟ್. ನೋಡಲು ಎರಡೂ ಒಂದೇ ದಪ್ಪ. ವಿಟ್ವರ್ತ್‌ನಲ್ಲಿ ಒಂದು ಸುತ್ತಿಗೆ ಬೋಲ್ಟ್ 1.41 ಮಿ.ಮೀ. ಮುಂದೆ ಹೋಗುತ್ತದೆ, ಮೆಟ್ರಿಕ್‌ನಲ್ಲಿ 1.25. ಸುತ್ತಿಗೆ 0.16 ಮಿ.ಮೀ.ನಷ್ಟು ಲೆಕ್ಕ ತಪ್ಪುತ್ತಾ ಹೋಗುತ್ತದೆ. ಮೊದಲ ಒಂದೆರಡು ಸುತ್ತಿನಲ್ಲಿ ಇರುವ ಸಡಿಲ ಅದನ್ನು ನುಂಗಿಕೊಳ್ಳುತ್ತದೆ. ಮೂರನೆಯದಕ್ಕೆ ನುಂಗಲು ಜಾಗ ಇರುವುದಿಲ್ಲ. ಆಮೇಲೆ ಸ್ಪ್ಯಾನರ್ ತಿರುಗಿಸಿದರೆ ಬೋಲ್ಟ್ ಕೂರುವುದಿಲ್ಲ, ಕೇಸಿನ ಅಲ್ಯೂಮಿನಿಯಂ ಕತ್ತರಿಸಿಕೊಂಡು ಹೋಗುತ್ತದೆ ಅಷ್ಟೆ.

ಆದ್ದರಿಂದ ಈ ಬರಹದ ಉದ್ದಕ್ಕೂ ಒಂದೇ ಮಾತು ಹಿಡಿದುಕೊಳ್ಳಿ: ಬೋಲ್ಟ್ ಒಳಗೆ ಹೋಯಿತು ಎನ್ನುವುದು ಪುರಾವೆ ಅಲ್ಲ. ವ್ಯಾಸ, ಪಿಚ್ (ಒಂದು ಎಳೆಯಿಂದ ಮುಂದಿನದಕ್ಕೆ ಇರುವ ದೂರ), ಕೋನ (ಎಳೆಯ ಎರಡು ಪಕ್ಕೆಗಳ ನಡುವಿನದು) ಈ ಮೂರೂ ಹೊಂದಿದರೆ ಮಾತ್ರ ಥ್ರೆಡ್ ಗೊತ್ತಾದಂತೆ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಕ್ರಮ ತಪ್ಪಿಸಿದವರೇ ಹೆಚ್ಚಾಗಿ ಸಿಕ್ಕಿಬೀಳುವುದು.

## ಮೊದಲು ಬೇಕಾಗುವ ಸಾಮಾನು

ವರ್ನಿಯರ್ ಅಥವಾ ಡಿಜಿಟಲ್ ಕ್ಯಾಲಿಪರ್ ಒಂದು. ಡಿಜಿಟಲ್ ಆದರೆ ಇಂಚು ಮತ್ತು ಮಿ.ಮೀ. ಎರಡನ್ನೂ ತೋರಿಸುವಂಥದ್ದು ಒಳ್ಳೆಯದು.

ಥ್ರೆಡ್ ಪಿಚ್ ಗೇಜ್. ಗರಗಸದ ಹಲ್ಲಿನಂಥ ಅಂಚಿರುವ ತೆಳು ತಗಡಿನ ಎಲೆಗಳ ಕಟ್ಟು. ಎಲ್ಲರೂ ಎಡವುವುದು ಇಲ್ಲೇ. ಒಂದು ಕಟ್ಟು ಸಾಕಾಗುವುದಿಲ್ಲ. 60 ಡಿಗ್ರಿ ಮೆಟ್ರಿಕ್ ಒಂದು, 55 ಡಿಗ್ರಿ ವಿಟ್ವರ್ತ್ ಒಂದು, 60 ಡಿಗ್ರಿ ಇಂಚಿನದ್ದು ಒಂದು, ಹೀಗೆ ಮೂರು ಬೇಕು. ಮೆಟ್ರಿಕ್ ಮತ್ತು ವಿಟ್ವರ್ತ್ ಒಟ್ಟಿಗೇ ಇರುವ ಕಟ್ಟು ಸುಲಭವಾಗಿ ಸಿಗುತ್ತದೆ. ಅದೊಂದನ್ನೇ ಇಟ್ಟುಕೊಂಡವರು ಅಮೆರಿಕನ್ ಥ್ರೆಡ್ಡನ್ನು ವಿಟ್ವರ್ತ್ ಎಲೆಯಲ್ಲಿ ಅಳೆದು "ಹೊಂದುತ್ತೆ" ಎಂದುಬಿಡುತ್ತಾರೆ. ಎಲೆಯ ಮೇಲೆ ಕೋನ ಬರೆದಿದೆಯಾ ನೋಡಿ. ಬರೆದಿಲ್ಲದ ಕಟ್ಟನ್ನು ನಾನಂತೂ ನಂಬುವುದಿಲ್ಲ.

ಇನ್ನು ಹಿತ್ತಾಳೆ ತಂತಿಯ ಬ್ರಷ್, ಸೀಮೆಎಣ್ಣೆ ಅಥವಾ ಡೀಸೆಲ್, ಟಾರ್ಚ್, ಭೂತಗನ್ನಡಿ, ಬಿಳಿ ಹಾಳೆ, ಪೆನ್ಸಿಲ್, ಚಿಕ್ಕ ಪ್ಲಾಸ್ಟಿಕ್ ಚೀಲಗಳು, ಹೆಸರು ಬರೆಯಲು ಟೇಪ್. ಜೊತೆಗೆ ಯಾವ ಥ್ರೆಡ್ ಎಂದು ಖಚಿತವಾಗಿ ಗೊತ್ತಿರುವ ಹೊಸ ನಟ್ಟು ಬೋಲ್ಟುಗಳ ಒಂದು ಪುಟ್ಟ ಡಬ್ಬಿ. ಇದನ್ನು ನಿಧಾನವಾಗಿ ಕೂಡಿಸುತ್ತಾ ಹೋಗಿ. ಮುಂದೆ ಗೇಜಿಗಿಂತ ಜಾಸ್ತಿ ಕೆಲಸಕ್ಕೆ ಬರುವುದು ಈ ಡಬ್ಬಿಯೇ.

## ಹಂತ 1: ಬಿಚ್ಚುವಾಗಲೇ ಗುರುತು ಹಾಕಿ

ಎಲ್ಲ ಬೋಲ್ಟ್‌ಗಳನ್ನೂ ಒಂದೇ ಡಬ್ಬಕ್ಕೆ ಹಾಕಿದ ಕ್ಷಣವೇ ಅರ್ಧ ಕೆಲಸ ಕೆಟ್ಟಿತು. ಯಾವ ತೂತಿನಿಂದ ಯಾವುದು ಬಂತು ಎನ್ನುವುದೇ ಮೊದಲ ಸುಳಿವು. ರಟ್ಟಿನ ಮೇಲೆ ಆ ಭಾಗದ ಆಕಾರ ಗೀಚಿ, ತೂತಿದ್ದಲ್ಲಿ ರಟ್ಟನ್ನು ಚುಚ್ಚಿ, ಅಲ್ಲಲ್ಲೇ ಬೋಲ್ಟ್ ಸಿಕ್ಕಿಸಿಡಿ. ಸುಮ್ನೆ ಫೋಟೋ ತೆಗೆದಿಟ್ಟುಕೊಂಡರೆ ಸಾಲದು, ಫೋಟೋದಲ್ಲಿ ಉದ್ದ ಗೊತ್ತಾಗುವುದಿಲ್ಲ.

ಬಿಚ್ಚುವಾಗ ಕೈಗೆ ಗೊತ್ತಾದದ್ದನ್ನೂ ಬರೆದಿಡಿ. ಒಂದು ಸಾಲಿನ ಆರು ಬೋಲ್ಟ್‌ಗಳಲ್ಲಿ ಐದು ನಯವಾಗಿ ಬಂದು ಒಂದು ಮಾತ್ರ ಕೊನೆಯವರೆಗೂ ಬಿಗಿಯಾಗಿಯೇ ಬಂದರೆ, ಆ ಒಂದು ಹಿಂದೆ ಯಾರೋ ಹಾಕಿದ ತಪ್ಪು ಬೋಲ್ಟ್ ಆಗಿರಬಹುದು. ಅಥವಾ ಆ ತೂತಿಗೆ ಬೇರೆ ಟ್ಯಾಪ್ (ಒಳಗೆ ಥ್ರೆಡ್ ಕೊರೆಯುವ ಸಾಧನ) ಹೊಡೆದಿರಬಹುದು. ಹಳೆಯ ಗಾಡಿಯಲ್ಲಿ ಎಷ್ಟು ಕೈ ಆಡಿದೆಯೋ ಯಾರಿಗೆ ಗೊತ್ತು. "ಇದರಿಂದಲೇ ಬಂದ ಬೋಲ್ಟ್, ಇದಕ್ಕೇ ಸರಿ" ಎಂಬ ಮಾತು ಅಕ್ಕಪಕ್ಕದ ಬೋಲ್ಟ್‌ಗಳೂ ಅದನ್ನೇ ಹೇಳಿದಾಗ ಮಾತ್ರ ನಿಲ್ಲುತ್ತದೆ.

ತಿರುಗುವ ದಿಕ್ಕು ನೋಡುವುದೂ ಇದೇ ಹಂತದಲ್ಲಿ. ಹಳೆಯ ಜೀಪ್ ಮತ್ತು ಕ್ರೈಸ್ಲರ್ ಕಾರುಗಳ ಎಡಗಡೆ ಚಕ್ರದ ನಟ್, ಹಲವು ಯಮಹಾ ಬೈಕುಗಳ ಬಲಗಡೆ ಕನ್ನಡಿ, ಇವು ಉಲ್ಟಾ ಥ್ರೆಡ್. ಬೋಲ್ಟನ್ನು ನೆಟ್ಟಗೆ ಹಿಡಿದಾಗ ಎದುರಿಗೆ ಕಾಣುವ ಎಳೆಗಳು ಬಲಕ್ಕೆ ಏರುತ್ತಿದ್ದರೆ ಮಾಮೂಲಿ, ಎಡಕ್ಕೆ ಏರುತ್ತಿದ್ದರೆ ಉಲ್ಟಾ. ಸ್ಟಡ್ಡಿನ (ಗಾಡಿಯ ಭಾಗದಲ್ಲೇ ಕೂತಿರುವ, ಹೊರಗಿನ ತುದಿಗೆ ನಟ್ ಬೀಳುವ ಥ್ರೆಡ್ ಕಡ್ಡಿ) ತುದಿಯಲ್ಲಿ ಇಂಗ್ಲಿಷಿನ ಎಲ್ ಅಕ್ಷರ, ಅಥವಾ ನಟ್ಟಿನ ಮೂಲೆಗಳಲ್ಲಿ ಸುತ್ತಲೂ ಗೀರಿದ ಗೆರೆ ಕಂಡರೂ ಅದೇ ಅರ್ಥ.

## ಹಂತ 2: ತೊಳೆಯಿರಿ, ಅಳೆಯುವ ಜಾಗ ಆರಿಸಿ

ಗ್ರೀಸು, ಬಣ್ಣ, ತುಕ್ಕು ತುಂಬಿದ ಥ್ರೆಡ್ಡಿಗೆ ಗೇಜ್ ಇಟ್ಟು ಉಪಯೋಗವಿಲ್ಲ. ಸೀಮೆಎಣ್ಣೆಯಲ್ಲಿ ಅರ್ಧ ಗಂಟೆ ನೆನೆಸಿ, ಎಳೆಯ ದಿಕ್ಕಿಗೇ ಹಿತ್ತಾಳೆ ಬ್ರಷ್ ಎಳೆಯಿರಿ. ಗ್ರೈಂಡರಿಗೆ ಹಾಕುವ ಉಕ್ಕಿನ ಬ್ರಷ್ ಬೇಡ. ಅದು ಎಳೆಯ ಏಣನ್ನು, ಅಂದರೆ ಮೇಲಂಚನ್ನು, ಉರುಟು ಮಾಡುತ್ತದೆ. ಏಣು ಚೂಪೋ ಉರುಟೋ ಎನ್ನುವುದು ನಮಗೆ ಮುಂದೆ ಬೇಕಾದ ಸಾಕ್ಷಿ.

ತುದಿಯ ಎರಡು ಎಳೆ ಸಾಮಾನ್ಯವಾಗಿ ಸವೆದಿರುತ್ತವೆ. ನಟ್ ಕೂತಿದ್ದ ಜಾಗ ಹಿಗ್ಗಿರಬಹುದು. ಹಾಗಾಗಿ ನಟ್ಟೂ ಮುಟ್ಟದ, ತುದಿಯೂ ಅಲ್ಲದ ಜಾಗ ಹುಡುಕಿ. ಹೆಡ್ ಬೋಲ್ಟ್, ಚಕ್ರದ ಸ್ಟಡ್, ಕನೆಕ್ಟಿಂಗ್ ರಾಡಿನ ಬೋಲ್ಟ್ ಇವುಗಳಲ್ಲಿ ಹಿಗ್ಗುವಿಕೆ ಜಾಸ್ತಿ. ಗೇಜ್ ಎಲೆ ಎರಡೂ ಕಡೆ ಕೂತು ನಡುವೆ ಮಾತ್ರ ಬೆಳಕು ಕಾಣುತ್ತಿದ್ದರೆ, ಅಥವಾ ನಡುವೆ ಸೊಂಟದಂತೆ ಸಣ್ಣಗಾಗಿದ್ದರೆ, ಆ ಬೋಲ್ಟ್ ಎಳೆದುಕೊಂಡಿದೆ ಎಂದರ್ಥ. ಯಾವ ಥ್ರೆಡ್ ಎಂದು ತಿಳಿದುಕೊಂಡು ಎಸೆದುಬಿಡಿ. ವಾಪಸ್ ಹಾಕಬೇಡಿ.

ಸ್ಟಡ್ ಆದರೆ ಎರಡೂ ತುದಿ ಬೇರೆಬೇರೆಯಾಗಿ ಅಳೆಯಿರಿ. ಅಲ್ಯೂಮಿನಿಯಂ ಒಳಗೆ ಕೂರುವ ತುದಿಗೆ ದಪ್ಪ ಎಳೆ, ನಟ್ ಬೀಳುವ ತುದಿಗೆ ಸಣ್ಣ ಎಳೆ ಇರುವ ಸ್ಟಡ್‌ಗಳು ಬ್ರಿಟಿಷ್ ಮತ್ತು ಅಮೆರಿಕನ್ ಎಂಜಿನ್‌ಗಳಲ್ಲಿ ಮಾಮೂಲು. ಒಂದು ತುದಿ ಅಳೆದು ಇನ್ನೊಂದೂ ಹಾಗೇ ಇರುತ್ತದೆ ಎಂದುಕೊಂಡರೆ ಕೆಟ್ಟಿರಿ.

## ಹಂತ 3: ವ್ಯಾಸ ಅಳೆಯಿರಿ

ಕ್ಯಾಲಿಪರಿನ ಚಪ್ಪಟೆ ದವಡೆಯಿಂದ ಎಳೆಗಳ ಏಣಿನ ಮೇಲೆ ಅಳೆಯಿರಿ. ಮೂರು ಕಡೆ, ಬೋಲ್ಟನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ. ಮೂರರಲ್ಲಿ ದೊಡ್ಡದನ್ನು ತೆಗೆದುಕೊಳ್ಳಿ. ಸವೆತ ಅಳತೆಯನ್ನು ಕಡಿಮೆ ಮಾಡುತ್ತದೆಯೇ ಹೊರತು ಜಾಸ್ತಿ ಮಾಡುವುದಿಲ್ಲ.

ಸಿಕ್ಕ ಸಂಖ್ಯೆ ಹೆಸರಿಗಿಂತ ಯಾವಾಗಲೂ ಸ್ವಲ್ಪ ಕಡಿಮೆಯೇ ಇರುತ್ತದೆ. ಎಂ8, ಅಂದರೆ 8 ಮಿ.ಮೀ. ಮೆಟ್ರಿಕ್ ಬೋಲ್ಟ್, ಹೊಸದಾಗಿದ್ದರೂ 7.76ರಿಂದ 7.97 ಮಿ.ಮೀ. ಒಳಗೆ ಬರುತ್ತದೆ. ಎಂ10 ಆದರೆ 9.73ರಿಂದ 9.97. "7.8 ಬಂತು, ಅಂದರೆ ಎಂ8 ಅಲ್ಲ" ಎಂದು ತಳ್ಳಿಹಾಕಬೇಡಿ. ಇಂಚಿನ ಬೋಲ್ಟ್‌ಗಳ ಹೆಸರಿನ ಅಳತೆ ಹೀಗಿದೆ:

- 1/4 ಇಂಚು = 6.35 ಮಿ.ಮೀ.
- 5/16 ಇಂಚು = 7.94
- 3/8 ಇಂಚು = 9.53
- 7/16 ಇಂಚು = 11.11
- 1/2 ಇಂಚು = 12.70

ಈಗ ತೊಂದರೆ ಕಾಣುತ್ತಿದೆ ಅಲ್ವಾ? 5/16ರ ಹೊಸ ಬೋಲ್ಟ್ ಸುಮಾರು 7.7ರಿಂದ 7.9ರಷ್ಟು ಬರುತ್ತದೆ. ಎಂ8 ಕೂಡ ಅದೇ ಜಾಗದಲ್ಲಿ ಬರುತ್ತದೆ. ಅಂದರೆ 7.85 ಎಂಬ ಸಂಖ್ಯೆ ಏನನ್ನೂ ಹೇಳಲಿಲ್ಲ. ವ್ಯಾಸದಿಂದ ಆಗುವ ಕೆಲಸ ಒಂದೇ, ಪಟ್ಟಿಯನ್ನು ಚಿಕ್ಕದು ಮಾಡುವುದು. ತೀರ್ಮಾನ ಅದರ ಕೈಯಲ್ಲಿಲ್ಲ.

## ಹಂತ 4: ಪಿಚ್ ಅಳೆಯಿರಿ

ಇಲ್ಲಿ ಆತುರ ಬೇಡ. ಬೇರೆಲ್ಲ ಹಂತಕ್ಕಿಂತ ಇದಕ್ಕೇ ಜಾಸ್ತಿ ಹೊತ್ತು ಕೊಡಿ.

ಗೇಜ್ ಎಲೆಯನ್ನು ಬೋಲ್ಟಿನ ಉದ್ದಕ್ಕೆ ಸಮನಾಗಿ ಇಡಿ, ಓರೆಯಾಗಬಾರದು. ಹಿಂದೆ ಟಾರ್ಚ್ ಅಥವಾ ಬಿಳಿ ಹಾಳೆ ಹಿಡಿದು ನೋಡಿ. ಸರಿಯಾದ ಎಲೆ ಕೂತಾಗ ಬೆಳಕು ಎಲ್ಲೂ ಕಾಣಬಾರದು, ಎಲೆಯ ಮೊದಲ ಹಲ್ಲಿನಿಂದ ಕೊನೆಯ ಹಲ್ಲಿನವರೆಗೂ. ಎರಡು ಮೂರು ಹಲ್ಲು ಕೂತರೆ ಸಾಕು ಎಂದುಕೊಳ್ಳುವುದೇ ದೊಡ್ಡ ತಪ್ಪು. ಪಕ್ಕದ ಎಲೆಯೂ ಎರಡು ಹಲ್ಲಿಗೆ ಚೆನ್ನಾಗಿಯೇ ಕೂರುತ್ತದೆ! ಆರೇಳು ಹಲ್ಲು ದಾಟಿದ ಮೇಲೆ ಏಣಿನ ಮೇಲೆ ಏಣು ಬಂದು ಎಲೆ ಅಲ್ಲಾಡುತ್ತದೆ. ಎಲೆಯನ್ನು ಬೆರಳಿನಿಂದ ಒತ್ತಿ ತೊಟ್ಟಿಲಿನಂತೆ ತೂಗಿ ನೋಡಿ. ತೂಗಿದರೆ ಅದಲ್ಲ.

ಗೇಜ್ ಹೇಳಿದ್ದನ್ನು ಕ್ಯಾಲಿಪರಿನಿಂದ ಮತ್ತೊಮ್ಮೆ ಪರೀಕ್ಷಿಸಿ. ಬೋಲ್ಟನ್ನು ಹಾಳೆಯ ಮೇಲಿಟ್ಟು ಅಂಗೈಯಿಂದ ಗಟ್ಟಿಯಾಗಿ ಒತ್ತಿ. ಹಾಳೆಯಲ್ಲಿ ಸಣ್ಣ ಗೆರೆಗಳ ಸಾಲು ಮೂಡುತ್ತದೆ. ಮೂಡದಿದ್ದರೆ ಏಣಿಗೆ ಪೆನ್ಸಿಲ್ ಸೀಸ ಉಜ್ಜಿ ಒತ್ತಿ. ಈಗ ಹನ್ನೊಂದು ಗೆರೆ ಎಣಿಸಿ, ಮೊದಲನೆಯದರಿಂದ ಹನ್ನೊಂದನೆಯದಕ್ಕೆ ಇರುವ ದೂರ ಅಳೆಯಿರಿ. ಹನ್ನೊಂದು ಗೆರೆಗಳ ನಡುವೆ ಇರುವುದು ಹತ್ತು ಸಂದು. ಹತ್ತು ಗೆರೆ ಎಣಿಸಿ ಹತ್ತರಿಂದ ಭಾಗಿಸಿದವರ ಉತ್ತರ ಪ್ರತಿ ಸಲವೂ ತಪ್ಪುತ್ತದೆ. ಬಂದ ದೂರವನ್ನು ಹತ್ತರಿಂದ ಭಾಗಿಸಿದರೆ ಪಿಚ್. 25.4ನ್ನು ಆ ಪಿಚ್‌ನಿಂದ ಭಾಗಿಸಿದರೆ ಇಂಚಿಗೆ ಎಷ್ಟು ಎಳೆ ಎಂಬ ಲೆಕ್ಕ.

ಒಂದು ಬೋಲ್ಟ್ ತೆಗೆದುಕೊಂಡು ನೋಡೋಣ. ವ್ಯಾಸ 9.45 ಬಂತು. ಹತ್ತು ಸಂದಿಗೆ 10.6 ಮಿ.ಮೀ. ಬಂತು. ಪಿಚ್ 1.06. 25.4 ಭಾಗಿಸು 1.06, ಅಂದರೆ 23.96. ಇಂಚಿಗೆ 24 ಎಳೆ. 3/8 ಇಂಚಿನ ವ್ಯಾಸ, 24 ಎಳೆ, ಇದು ಯುಎನ್‌ಎಫ್, ಅಂದರೆ ಅಮೆರಿಕನ್ ಸಣ್ಣ ಎಳೆಯ ಥ್ರೆಡ್ (ವಿವರ ಹಂತ 5ರಲ್ಲಿ). ಇದೇ ಬೋಲ್ಟನ್ನು ಸವೆದ ಎಂ10 × 1.0 (10 ಮಿ.ಮೀ. ವ್ಯಾಸ, 1.0 ಮಿ.ಮೀ. ಪಿಚ್) ಎಂದುಕೊಳ್ಳುವುದು ತುಂಬಾ ಸುಲಭ. ಆದರೆ ಅದಾಗಿದ್ದರೆ ಹತ್ತು ಸಂದಿಗೆ ಸರಿಯಾಗಿ 10.0 ಬರಬೇಕಿತ್ತು. ಒಂದು ಸಂದಿನಲ್ಲಿ ಕಾಣದ 0.06 ಮಿ.ಮೀ. ಹತ್ತು ಸಂದಿನಲ್ಲಿ 0.6 ಆಗಿ ಕಣ್ಣಿಗೆ ಬಿತ್ತು.

ಬೋಲ್ಟ್ ಗಿಡ್ಡವಾಗಿದ್ದು ಹತ್ತು ಸಂದು ಸಿಗದಿದ್ದರೆ ಐದಕ್ಕೆ ಅಳೆಯಿರಿ. ಆದರೆ ಆಗ ಗೇಜನ್ನೇ ಹೆಚ್ಚು ನಂಬಿ.

## ಹಂತ 5: ಯಾವ ಕುಟುಂಬ ಎಂದು ಗುರುತಿಸಿ

ಈಗ ವ್ಯಾಸ ಮತ್ತು ಪಿಚ್ ಎರಡೂ ಕೈಯಲ್ಲಿವೆ. ಗಾಡಿಗಳಲ್ಲಿ ಸಿಗುವ ಕುಟುಂಬಗಳು ಇವು. ಇಂಚಿನವಕ್ಕೆ ಕೊಟ್ಟಿರುವ ಸಂಖ್ಯೆ ಇಂಚಿಗೆ ಇರುವ ಎಳೆ.

ಮೆಟ್ರಿಕ್, 60 ಡಿಗ್ರಿ. ದಪ್ಪ ಎಳೆ: ಎಂ6 × 1.0, ಎಂ8 × 1.25, ಎಂ10 × 1.5, ಎಂ12 × 1.75. ಸಣ್ಣ ಎಳೆ: ಎಂ8 × 1.0, ಎಂ10 × 1.25, ಎಂ10 × 1.0, ಎಂ12 × 1.5, ಎಂ12 × 1.25. ಜಪಾನಿನ ಗಾಡಿಗಳು ಎಂ10ಕ್ಕೆ 1.25 ಪಿಚ್ಚನ್ನೇ ಜಾಸ್ತಿ ಬಳಸುತ್ತವೆ. ವೆಸ್ಪಾ ಸ್ಕೂಟರುಗಳಲ್ಲಿ ಎಂ7 ಸಿಗುತ್ತದೆ. "ಎಂ7 ಅಂತ ಒಂದಿದೆಯಾ" ಎಂದು ತಲೆ ಕೆರೆದುಕೊಂಡು ಎಂ8 ಟ್ಯಾಪ್ ಹೊಡೆಯಬೇಡಿ.

ಯುಎನ್‌ಸಿ ಮತ್ತು ಯುಎನ್‌ಎಫ್, 60 ಡಿಗ್ರಿ. ಅಮೆರಿಕನ್ ಗಾಡಿಗಳು, 1950ರ ದಶಕದ ನಡುವಿನಿಂದ ಬಂದ ಬಹುತೇಕ ಬ್ರಿಟಿಷ್ ಕಾರುಗಳು. ದಪ್ಪ ಎಳೆ ಯುಎನ್‌ಸಿ: 1/4ಕ್ಕೆ 20, 5/16ಕ್ಕೆ 18, 3/8ಕ್ಕೆ 16, 7/16ಕ್ಕೆ 14, 1/2ಕ್ಕೆ 13. ಸಣ್ಣ ಎಳೆ ಯುಎನ್‌ಎಫ್: 28, 24, 24, 20, 20, ಇದೇ ಕ್ರಮದಲ್ಲಿ.

ವಿಟ್ವರ್ತ್ ಮತ್ತು ಬಿಎಸ್‌ಎಫ್, 55 ಡಿಗ್ರಿ. ಇನ್ನೂ ಹಳೆಯ ಬ್ರಿಟಿಷ್ ಗಾಡಿಗಳು. ವಿಟ್ವರ್ತ್ ದಪ್ಪ ಎಳೆ, ಬಿಎಸ್‌ಎಫ್ ಸಣ್ಣ ಎಳೆ; ಸಂಖ್ಯೆಗಳು ಮೇಲಿನ ವ್ಯಾಸಗಳ ಕ್ರಮದಲ್ಲೇ. ವಿಟ್ವರ್ತ್: 20, 18, 16, 14, 12. ಬಿಎಸ್‌ಎಫ್: 26, 22, 20, 18, 16. ಅಲ್ಯೂಮಿನಿಯಂ ಒಳಗೆ ವಿಟ್ವರ್ತ್, ಉಕ್ಕಿನ ಮೇಲೆ ಬಿಎಸ್‌ಎಫ್ ಎನ್ನುವುದು ಸಾಮಾನ್ಯ ರೂಢಿ.

ಸೈಕಲ್ ಥ್ರೆಡ್, 60 ಡಿಗ್ರಿ. ಬ್ರಿಟಿಷ್ ಮೋಟಾರ್‌ಸೈಕಲ್‌ಗಳದ್ದು. 1/4, 5/16, 3/8 ಮೂರಕ್ಕೂ ಇಂಚಿಗೆ 26 ಎಳೆಯೇ. ವ್ಯಾಸ ಬದಲಾದರೂ ಪಿಚ್ ಬದಲಾಗದಿದ್ದರೆ ಇದನ್ನೇ ಅನುಮಾನಿಸಿ.

ಬಿಎ, 47.5 ಡಿಗ್ರಿ. ಬ್ರಿಟಿಷ್ ಗಾಡಿಗಳ ಎಲೆಕ್ಟ್ರಿಕ್ ಭಾಗ, ಮೀಟರು, ಕಾರ್ಬ್ಯುರೇಟರುಗಳ ಸಣ್ಣ ಸ್ಕ್ರೂಗಳು. 0 ಬಿಎ 6.0 ಮಿ.ಮೀ., 2 ಬಿಎ 4.7, 4 ಬಿಎ 3.6. ಸಂಖ್ಯೆ ಹೆಚ್ಚಾದಷ್ಟು ಸ್ಕ್ರೂ ಸಣ್ಣದು.

ಒಂದೇ ಗಾಡಿಯಲ್ಲಿ ಒಂದೇ ಕುಟುಂಬ ಇರಬೇಕು ಎಂಬ ನಿಯಮವಿಲ್ಲ. ಹಳೆಯ ಲ್ಯಾಂಡ್ ರೋವರ್ ಒಂದರಲ್ಲೇ ಬಿಎಸ್‌ಎಫ್, ಯುಎನ್‌ಎಫ್, ವಿಟ್ವರ್ತ್, ಬಿಎ ನಾಲ್ಕೂ ಸಿಗಬಹುದು. 1970ರ ದಶಕದ ನಂತರದ ಅಮೆರಿಕನ್ ಗಾಡಿಗಳಲ್ಲಿ ಇಂಚು ಮತ್ತು ಮೆಟ್ರಿಕ್ ಬೆರೆತಿರುತ್ತವೆ. ಹತ್ತು ಬೋಲ್ಟ್ ಯುಎನ್‌ಎಫ್ ಬಂತೆಂದು ಹನ್ನೊಂದನೆಯದನ್ನು ಅಳೆಯದೆ ಬಿಡಬೇಡಿ.

## ಹಂತ 6: ಕೋನ ನೋಡಿ

ಪಿಚ್ ಒಂದೇ ಇದ್ದು ಕುಟುಂಬ ಬೇರೆ ಇರುವ ಕಡೆ ಈ ಹಂತ ಬೇಕೇ ಬೇಕು. 1/4ಕ್ಕೆ 20 ಎಳೆ ವಿಟ್ವರ್ತೋ ಯುಎನ್‌ಸಿಯೋ? 1/4ಕ್ಕೆ 26 ಎಳೆ ಬಿಎಸ್‌ಎಫ್ಫೋ ಸೈಕಲ್ ಥ್ರೆಡ್ಡೋ?

ಭೂತಗನ್ನಡಿಯಲ್ಲಿ ಏಣು ನೋಡಿ. ವಿಟ್ವರ್ತ್ ಕುಟುಂಬದ ಏಣು ಮತ್ತು ತಗ್ಗು ಎರಡೂ ಉರುಟು. ಯುಎನ್‌ಸಿ, ಯುಎನ್‌ಎಫ್, ಮೆಟ್ರಿಕ್ ಏಣು ಸಾಮಾನ್ಯವಾಗಿ ಚಪ್ಪಟೆ. ಸವೆದ ಬೋಲ್ಟಿನಲ್ಲಿ ಇದು ಅಷ್ಟು ಸ್ಪಷ್ಟವಿರುವುದಿಲ್ಲ. ಆಗ ಎರಡೂ ಕೋನದ ಎಲೆಗಳನ್ನು ಒಂದಾದ ಮೇಲೊಂದು ಇಟ್ಟು ಬೆಳಕಿಗೆ ಹಿಡಿಯಿರಿ. ತಪ್ಪು ಕೋನದ ಎಲೆಯಲ್ಲಿ ಹಲ್ಲಿನ ತುದಿಯಲ್ಲೋ ಬುಡದಲ್ಲೋ ಕೂದಲೆಳೆಯಷ್ಟು ಬೆಳಕು ಕಾಣುತ್ತದೆ, ಅದೂ ಪ್ರತಿ ಹಲ್ಲಿನಲ್ಲೂ ಒಂದೇ ಕಡೆ.

ವಿಟ್ವರ್ತ್ ನಟ್ಟಿಗೆ ಯುಎನ್‌ಸಿ ಬೋಲ್ಟ್ ಹಾಕಿದರೆ 1/4, 5/16, 3/8ರಲ್ಲಿ ಬಹಳ ಸಲ ಹೋಗಿಯೇ ಬಿಡುತ್ತದೆ. ಮಡ್‌ಗಾರ್ಡ್ ಹಿಡಿಯಲು ಹೀಗೆ ಹಾಕಿದವರನ್ನು ನಾನು ಬೈಯುವುದಿಲ್ಲ. ಆದರೆ ಎಳೆಗಳ ಪಕ್ಕೆ ಪೂರ್ತಿ ತಾಗದೆ ಒಂದು ಗೆರೆಯಷ್ಟೇ ತಾಗಿಕೊಂಡಿರುತ್ತದೆ. ಭಾರ ಹೊರುವ ಜಾಗಕ್ಕೆ ಬೇಡವೇ ಬೇಡ. 1/2 ಇಂಚಿನಲ್ಲಂತೂ ಒಂದಕ್ಕೆ 12, ಇನ್ನೊಂದಕ್ಕೆ 13 ಎಳೆ, ಅಲ್ಲಿ ಹೋಗುವುದೂ ಇಲ್ಲ.

## ಹಂತ 7: ತಲೆಯನ್ನು ಸಾಕ್ಷಿಗೆ ಕರೆಯಿರಿ, ತೀರ್ಪಿಗೆ ಬೇಡ

ಹೆಚ್ಚಿನವರು ಶುರು ಮಾಡುವುದೇ ಇಲ್ಲಿಂದ. "13ರ ಸ್ಪ್ಯಾನರ್ ಕೂತಿತು, ಹಾಗಾದರೆ ಎಂ8." ಅಳತೆಗಳನ್ನು ನೋಡಿ. 1/2 ಇಂಚಿನ ಸ್ಪ್ಯಾನರ್ ಎಂದರೆ 12.7 ಮಿ.ಮೀ. ಅದು 5/16 ಯುಎನ್‌ಎಫ್ ಬೋಲ್ಟಿನ ತಲೆ. 13ರ ಸ್ಪ್ಯಾನರ್ ಅದಕ್ಕೂ ಕೂರುತ್ತದೆ. ಜಪಾನಿನ ಎಂ8ಕ್ಕೆ 12ರ ತಲೆ, ಎಂ10ಕ್ಕೆ 14. ಯುರೋಪಿನ ಹಳೆಯ ಎಂ10ಕ್ಕೆ 17.

ವಿಟ್ವರ್ತ್ ಸ್ಪ್ಯಾನರಿನ ಲೆಕ್ಕವೇ ಬೇರೆ. ಅದರ ಮೇಲೆ ಬರೆದ ಸಂಖ್ಯೆ ತಲೆಯ ಅಗಲವಲ್ಲ, ಬೋಲ್ಟಿನ ವ್ಯಾಸ. 1/4 ವಿಟ್ವರ್ತ್ ಎಂದು ಬರೆದ ಸ್ಪ್ಯಾನರಿನ ಬಾಯಿ ಸುಮಾರು 13.3 ಮಿ.ಮೀ. ಅದೇ ಸ್ಪ್ಯಾನರ್ 5/16 ಬಿಎಸ್‌ಎಫ್‌ಗೂ ಆಗುತ್ತದೆ. ಮೆಟ್ರಿಕ್ ಸ್ಪ್ಯಾನರ್ ಒಂದು ಅಳತೆಯದು ಬಿಗಿ, ಮುಂದಿನದು ಸಡಿಲ ಎನಿಸಿದರೆ, ಇಂಚಿನ ಸ್ಪ್ಯಾನರಿಗೂ ಹಾಗೇ ಆದರೆ, ನಿಮ್ಮ ಕೈಯಲ್ಲಿರುವುದು ಬಹುಶಃ ವಿಟ್ವರ್ತ್ ತಲೆ.

ಇದರಲ್ಲೂ ಒಂದು ತಮಾಷೆ ಇದೆ. ಎಂಜಿ ಟಿಸಿ, ಟಿಡಿ ಎಂಬ ಹಳೆಯ ಬ್ರಿಟಿಷ್ ಕಾರುಗಳ ಎಂಜಿನ್‌ನಲ್ಲಿ ಬೋಲ್ಟಿನ ತಲೆ ವಿಟ್ವರ್ತ್ ಅಳತೆಯದ್ದು, ಥ್ರೆಡ್ ಮಾತ್ರ ಮೆಟ್ರಿಕ್! ತಲೆ ನೋಡಿ ಥ್ರೆಡ್ ಹೇಳುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ತಲೆಯ ಮೇಲಿನ ಗುರುತು ಮಾತ್ರ ಸ್ವಲ್ಪ ನಂಬಬಹುದು. 8.8 ಅಥವಾ 10.9 ಎಂದಿದ್ದರೆ ಮೆಟ್ರಿಕ್. ನಡುವಿನಿಂದ ಹೊರಟ ಮೂರು ಗೆರೆ ಇದ್ದರೆ ಅಮೆರಿಕನ್ ಗ್ರೇಡ್ (ಬೋಲ್ಟಿನ ಬಲದ ದರ್ಜೆ) 5, ಆರು ಗೆರೆ ಇದ್ದರೆ ಗ್ರೇಡ್ 8, ಎರಡೂ ಇಂಚಿನವು. ತಲೆಯ ಮೇಲೆ ಬಟ್ಟಲಿನಂಥ ದುಂಡು ತಗ್ಗು, ಅಥವಾ ಪಕ್ಕದ ಮುಖದ ಮೇಲೆ ಒಂದಕ್ಕೊಂದು ತಾಗಿದ ಸೊನ್ನೆಗಳ ಸಾಲು ಕಂಡರೆ ಬ್ರಿಟಿಷ್ ಗಾಡಿಯ ಯುಎನ್‌ಎಫ್ ಅಥವಾ ಯುಎನ್‌ಸಿ. ಬದಲಿ ಬೋಲ್ಟ್ ಹಾಕುವಾಗ ಥ್ರೆಡ್ ಸರಿಯಿದ್ದು ಗ್ರೇಡ್ ಕಡಿಮೆಯಿದ್ದರೂ ತಪ್ಪೇ. ಅದನ್ನೂ ಬರೆದಿಟ್ಟುಕೊಳ್ಳಿ.

## ಹಂತ 8: ಮೋಸ ಮಾಡುವ ಜೋಡಿಗಳನ್ನು ತಾಳೆ ನೋಡಿ

ಉತ್ತರ ಸಿಕ್ಕಿತು ಎಂದುಕೊಂಡ ಮೇಲೂ ಇಲ್ಲಿ ಒಮ್ಮೆ ಕಣ್ಣು ಹಾಯಿಸಿ.

3/8 ಯುಎನ್‌ಎಫ್ ಮತ್ತು ಎಂ10 × 1.0. ಬ್ರೇಕ್ ಪೈಪಿನ ನಟ್ಟುಗಳು ಈ ಎರಡರಲ್ಲೂ ಬರುತ್ತವೆ. ಎಂ10ರ ತೂತಿಗೆ 3/8ರ ನಟ್ ಸಡಿಲವಾಗಿ ಹೋಗುತ್ತದೆ, ಕೊನೆಗೆ ಬಿಗಿಯಾದಂತೆಯೂ ಅನಿಸುತ್ತದೆ. ಎಳೆಗಳು ಒಂದನ್ನೊಂದು ಹಿಡಿದಿರುವುದು ತುದಿಯಲ್ಲಿ ಮಾತ್ರ. ಜೋರಾಗಿ ಬ್ರೇಕ್ ಒತ್ತಿದಾಗ ಪೈಪ್ ಕಿತ್ತು ಬರಬಹುದು. ಎಂ10ರ ನಟ್ಟನ್ನು 3/8ರ ತೂತಿಗೆ ಹಾಕಿದರೆ ಒಂದೆರಡು ಸುತ್ತಿಗೇ ಕಚ್ಚಿಕೊಳ್ಳುತ್ತದೆ. ಅದಾದರೂ ವಾಸಿ, ಎಚ್ಚರಿಸುತ್ತದೆ.

1/2 ಯುಎನ್‌ಎಫ್ ಮತ್ತು ಎಂ12 × 1.25. ಚಕ್ರದ ಸ್ಟಡ್. ಪಿಚ್ 1.27 ಮತ್ತು 1.25, ಬಹುತೇಕ ಒಂದೇ. ಎಂ12 ಸ್ಟಡ್ಡಿಗೆ 1/2 ಇಂಚಿನ ನಟ್ ಎಲ್ಲೂ ತಡೆಯದೆ ಕೊನೆಯವರೆಗೂ ಓಡುತ್ತದೆ. ಅಷ್ಟು ಸಲೀಸಾಗಿ ಓಡುವುದೇ ಅಪಾಯದ ಗುರುತು. ನಟ್ಟನ್ನು ಅಡ್ಡಡ್ಡ ಅಲ್ಲಾಡಿಸಿ ನೋಡಿ, ಲಟಲಟ ಎಂದರೆ ತೆಗೆಯಿರಿ.

1/8 ಪೈಪ್ ಥ್ರೆಡ್‌ಗಳು ಮತ್ತು ಎಂ10 × 1.0. ಆಯಿಲ್ ಪ್ರೆಶರ್ ಸ್ವಿಚ್ ಕೂರುವ ಜಾಗ. ಇಲ್ಲಿ 1/8 ಎನ್ನುವುದು ಪೈಪಿನ ಹೆಸರು, ಥ್ರೆಡ್‌ನ ವ್ಯಾಸವಲ್ಲ. ಬ್ರಿಟಿಷ್ ಪೈಪ್ ಥ್ರೆಡ್ ಆದರೆ ಇಂಚಿಗೆ 28 ಎಳೆ, ಹತ್ತು ಸಂದಿಗೆ 9.07 ಮಿ.ಮೀ. ಅಮೆರಿಕನ್ ಎನ್‌ಪಿಟಿ ಆದರೆ 27 ಎಳೆ, 9.41. ಎಂ10 ಆದರೆ 10.0. ಎನ್‌ಪಿಟಿ ತುದಿಗೆ ಹೋದಂತೆ ಸಣ್ಣಗಾಗುತ್ತದೆ. ಬುಡದಲ್ಲೊಮ್ಮೆ ತುದಿಯಲ್ಲೊಮ್ಮೆ ಅಳೆದರೆ ಗೊತ್ತಾಗುತ್ತದೆ. ತಪ್ಪಾದದ್ದನ್ನು ಬಲವಾಗಿ ತಿರುಗಿಸಿದರೆ ಎಂಜಿನ್ ಬ್ಲಾಕ್ ಬಿರುಕು ಬಿಡಬಹುದು. ಟೆಫ್ಲಾನ್ ಟೇಪ್ ಸುತ್ತಿ ಸರಿಮಾಡುವ ವಿಷಯ ಇದಲ್ಲ.

5/16 ಸೈಕಲ್ ಥ್ರೆಡ್, 5/16 ಯುಎನ್‌ಎಫ್, ಎಂ8 × 1.0. ಪಿಚ್ 0.98, 1.06, 1.0. ಮೂರೂ ಒಂದೇ ದಪ್ಪ. ಹತ್ತು ಸಂದು ಅಳೆಯದೆ ಬೇರ್ಪಡಿಸಲು ನೋಡಬೇಡಿ.

2 ಬಿಎ, 10-32 ಯುಎನ್‌ಎಫ್ (10 ನಂಬರಿನ ಸ್ಕ್ರೂ, ಇಂಚಿಗೆ 32 ಎಳೆ), ಎಂ5 × 0.8. ವ್ಯಾಸ 4.70, 4.83, 5.0. ಪಿಚ್ 0.81, 0.79, 0.80. ಇಲ್ಲಿ ಪಿಚ್ ಕೈಕೊಡುತ್ತದೆ, ವ್ಯಾಸವೇ ಹೇಳಬೇಕು. 1960ರ ದಶಕದ ಹಳೆಯ ಜಪಾನಿ ಬೈಕಾದರೆ ಎಂ5ಕ್ಕೆ 0.9, ಎಂ4ಕ್ಕೆ 0.75 ಪಿಚ್ ಇರಬಹುದು. ಈಗಿನ ಎಂ5, ಎಂ4 ಸ್ಕ್ರೂ ಅದಕ್ಕೆ ಹೊಂದುವುದಿಲ್ಲ.

0 ಬಿಎ ಮತ್ತು ಎಂ6. ವ್ಯಾಸ 6.0, ಪಿಚ್ 1.0, ಎರಡಕ್ಕೂ. ಬೇರೆ ಇರುವುದು ಕೋನ ಮಾತ್ರ.

## ಹಂತ 9: ಬೋಲ್ಟ್ ಇಲ್ಲದೆ ತೂತು ಮಾತ್ರ ಉಳಿದಿದ್ದರೆ

ದೊಡ್ಡ ತೂತಾದರೆ ಗೇಜ್ ಎಲೆಯನ್ನೇ ಒಳಗೆ ಇಳಿಸಿ ಟಾರ್ಚ್ ಬಿಟ್ಟು ನೋಡಬಹುದು. ಸಣ್ಣದಕ್ಕೆ ಅಚ್ಚು ತೆಗೆಯಬೇಕು. ಮೆತ್ತನೆ ಮರದ ಕಡ್ಡಿಯೊಂದನ್ನು ತೂತಿನ ಬಾಯಿಗಿಂತ ಚೂರೇ ದಪ್ಪ ಇರುವಂತೆ ಕೆತ್ತಿ. ತೂತನ್ನು ಚೆನ್ನಾಗಿ ತೊಳೆದು ಒಣಗಿಸಿ, ಕಡ್ಡಿಯನ್ನು ಒತ್ತುತ್ತಾ ತಿರುಗಿಸಿ ಒಳಗೆ ಬಿಡಿ. ಹೊರಗೆ ತರುವಾಗಲೂ ಉಲ್ಟಾ ತಿರುಗಿಸುತ್ತಾ ತನ್ನಿ, ಎಳೆಯಬೇಡಿ. ಕಡ್ಡಿಯ ಮೇಲೆ ಎಳೆಗಳು ಮೂಡಿರುತ್ತವೆ. ಪಿಚ್ ಅಳೆಯಲು ಅಷ್ಟು ಸಾಕು. ಕೋನ ಮಾತ್ರ ಮರದಲ್ಲಿ ಸರಿಯಾಗಿ ಮೂಡುವುದಿಲ್ಲ.

ವ್ಯಾಸಕ್ಕೆ ಕ್ಯಾಲಿಪರಿನ ಒಳದವಡೆ ಬಳಸಿ. ಸಿಗುವುದು ಎಳೆಗಳ ಏಣಿನ ನಡುವಿನ ಅಳತೆ, ಅಂದರೆ ಬೋಲ್ಟಿನ ವ್ಯಾಸಕ್ಕಿಂತ ಸುಮಾರು ಒಂದು ಪಿಚ್‌ನಷ್ಟು ಕಡಿಮೆ. ಎಂ8 × 1.25ರ ತೂತಿನಲ್ಲಿ 6.65ರಿಂದ 6.9ರಷ್ಟು ಬರುತ್ತದೆ. ಒಂದು ಸಾಲಿನಲ್ಲಿ ಒಂದೇ ತೂತು ಬೇರೆ ಉತ್ತರ ಕೊಟ್ಟರೆ, ಅಥವಾ ಒಳಗೆ ಹೊಳೆಯುವ ತಂತಿ ಸುರುಳಿ ಕಂಡರೆ, ಅಲ್ಲಿ ಹಿಂದೆ ದುರಸ್ತಿ ಆಗಿದೆ. ಹೊಸ ಅಳತೆಯನ್ನು ಪಟ್ಟಿಯಲ್ಲಿ ಬೇರೆಯಾಗಿ ಬರೆಯಿರಿ.

ತೂತು ಯಾವುದೆಂದು ತಿಳಿಯಲು ಟ್ಯಾಪ್ ಇಳಿಸಿ ನೋಡುವವರಿದ್ದಾರೆ. ದಯವಿಟ್ಟು ಬೇಡ. ಟ್ಯಾಪ್ ಕತ್ತರಿಸುವ ಸಾಧನ. ಅದಕ್ಕೆ ಯಾವ ತೂತಾದರೂ ಒಂದೇ, ತನ್ನದೇ ಥ್ರೆಡ್ ಕೊರೆದುಕೊಂಡು ಹೋಗುತ್ತದೆ.

## ಹಂತ 10: ಕೈಬೆರಳಲ್ಲಿ ಹಾಕಿ ನೋಡಿ

ಎಲ್ಲ ಅಳತೆಯೂ ಹೊಂದಿದ ಮೇಲೆ ಮಾತ್ರ ಇದು. ಬೋಲ್ಟಿಗೆ ಒಂದು ಹನಿ ಎಣ್ಣೆ ಹಚ್ಚಿ, ಮೊದಲು ಉಲ್ಟಾ ತಿರುಗಿಸಿ. ಎಳೆ ಎಳೆಗೆ ಬಿದ್ದಾಗ ಸಣ್ಣಗೆ ಟಕ್ ಎಂದು ಇಳಿಯುತ್ತದೆ. ಅಲ್ಲಿಂದ ಸರಿ ದಿಕ್ಕಿಗೆ ತಿರುಗಿಸಿ. ಹೆಬ್ಬೆರಳು, ತೋರುಬೆರಳು ಎರಡೇ. ಸ್ಪ್ಯಾನರ್ ದೂರ ಇರಲಿ.

ಎಷ್ಟು ಸುತ್ತು ಹೋಗಬೇಕು? ಉಕ್ಕಿನಲ್ಲಿ ಕನಿಷ್ಠ ಬೋಲ್ಟಿನ ವ್ಯಾಸದಷ್ಟು ಆಳ, ಅಲ್ಯೂಮಿನಿಯಂನಲ್ಲಿ ಅದರ ಒಂದೂವರೆಯಿಂದ ಎರಡು ಪಟ್ಟು. ಎಂ8 × 1.25 ಆದರೆ ಉಕ್ಕಿನಲ್ಲಿ ಸುಮಾರು ಆರೂವರೆ ಸುತ್ತು. ಅಷ್ಟನ್ನೂ ಬೆರಳಲ್ಲೇ ಹೋಗಬೇಕು. ಕೆಳಗಿನ ಯಾವುದು ಕಂಡರೂ ನಿಲ್ಲಿಸಿ:

- ಎರಡು ಮೂರು ಸುತ್ತಿಗೆ ಇದ್ದಕ್ಕಿದ್ದಂತೆ ಬಿಗಿ. ಪಿಚ್ ತಪ್ಪು.
- ಕೊನೆಯವರೆಗೂ ಹೋಗುತ್ತದೆ, ಆದರೆ ಅಲ್ಲಾಡುತ್ತದೆ. ವ್ಯಾಸ ತಪ್ಪು, ಅಥವಾ ತೂತು ಸವೆದಿದೆ.
- ಒಂದೇ ಸಮ ಬಿಗಿ, ಕಿರ್ ಎಂಬ ಶಬ್ದ. ಕೋನ ತಪ್ಪಿರಬಹುದು, ಕೊಳೆಯೂ ಇರಬಹುದು. ಬಿಚ್ಚಿ ತೊಳೆದು ಮತ್ತೆ ನೋಡಿ.
- ಬಿಚ್ಚಿದಾಗ ಎಳೆಯ ಒಂದು ಪಕ್ಕೆ ಮಾತ್ರ ಹೊಸದಾಗಿ ಹೊಳೆಯುತ್ತಿದೆ, ಅಥವಾ ತಗ್ಗಿನಲ್ಲಿ ಲೋಹದ ಪುಡಿ ಇದೆ. ಕತ್ತರಿಸಲು ಶುರುವಾಗಿದೆ.

ಕೊಳೆಯೋ ತಪ್ಪು ಥ್ರೆಡ್ಡೋ ಎಂದು ಗೊತ್ತಾಗದಿದ್ದಾಗ ನಾನು ಮಾಡುವುದು ಇದು. ಅದೇ ಥ್ರೆಡ್‌ನ ಹೊಸ ಬೋಲ್ಟ್ ತೆಗೆದು, ಹ್ಯಾಕ್ಸಾದಿಂದ ಉದ್ದಕ್ಕೂ ಎರಡು ಸೀಳು ಹಾಕಿ, ಅಂಚಿನ ಚೂಪನ್ನು ಅರದಿಂದ ತೆಗೆದು, ಎಣ್ಣೆ ಹಚ್ಚಿ ತೂತಿಗೆ ಬೆರಳಲ್ಲೇ ಇಳಿಸುತ್ತೇನೆ. ಕೊಳೆ ಆಗಿದ್ದರೆ ಸೀಳಿನಲ್ಲಿ ತುಂಬಿಕೊಂಡು ಬರುತ್ತದೆ, ಎರಡನೆಯ ಸಲಕ್ಕೆ ದಾರಿ ಸಲೀಸಾಗುತ್ತದೆ. ಎರಡನೆಯ ಸಲವೂ ಅದೇ ಸುತ್ತಿನಲ್ಲಿ ನಿಂತರೆ ಥ್ರೆಡ್ಡೇ ಬೇರೆ. ಹಂತ 4ಕ್ಕೆ ವಾಪಸ್ ಹೋಗಿ.

ಸರಿಯಾದದ್ದು ಸಿಕ್ಕ ಮೇಲೆ ಚೀಲದ ಮೇಲೆ ವ್ಯಾಸ, ಪಿಚ್, ಕುಟುಂಬ, ಉದ್ದ, ಗ್ರೇಡ್ ಬರೆದು ಅಂಟಿಸಿ. ಬ್ರೇಕ್, ಸ್ಟಿಯರಿಂಗ್, ಚಕ್ರ ಈ ಮೂರರಲ್ಲಿ ಅನುಮಾನ ಉಳಿದಿದ್ದರೆ ಆ ಚೀಲಕ್ಕೆ ಕೆಂಪು ಟೇಪ್ ಹಚ್ಚಿ. ಕೆಂಪು ಟೇಪ್ ಇರುವ ಚೀಲ ಒಂದೇ ಒಂದು ಉಳಿದಿದ್ದರೂ ಗಾಡಿ ಸ್ಟ್ಯಾಂಡಿನಿಂದ ಕೆಳಗಿಳಿಯಬಾರದು.